ಸುಟ್ಟ ಪ್ಲೇಟು

ಪರಮೇಶನಿಗೆ ತನ್ನ ಬೈಕಿನ ಮುಖ ನೋಡಿದರೇ ಅಸಹ್ಯ. ದುಡಿದದ್ದೆಲ್ಲ ಅದರ ರಿಪೇರಿಗೇ ಹೋಗುತ್ತಿತ್ತು. ಈ ವರ್ಷ ಕ್ಲಚ್ ಪ್ಲೇಟು ಬದಲಾಯಿಸಿದ್ದೇ ಇದು ಮೂರನೇ ಸಲ.

"ನೋಡಿ ಸಾರ್, ಹೆಂಗೆ ಸುಟ್ಟು ಕರಕಲಾಗೈತೆ!" ಎಂದು ಮೆಕ್ಯಾನಿಕ್ ತಿಪ್ಪೇಶ, ಎಣ್ಣೆ ನಾರುವ ಹಳೆಯ ಪ್ಲೇಟನ್ನು ಎಂದಿನಂತೆ ಅವನ ಮೂಗಿನ ಹತ್ತಿರವೇ ಹಿಡಿದ.

ಪರಮೇಶ ದುಡ್ಡು ಕೊಟ್ಟು, ಈ ಸಲ ಅದನ್ನು ಪೇಪರಿನಲ್ಲಿ ಸುತ್ತಿಕೊಂಡ.

"ಅಯ್ಯೋ, ಗುಜರಿ ಸಾರ್ ಅದು, ಇಲ್ಲೇ ಬಿಡಿ!"

"ಮನೇಲಿ ತೋರಿಸ್ಬೇಕು ಕಣಯ್ಯಾ. ರಿಪೇರಿ ಅಂದ್ಕೊಂಡು ಇಸ್ಪೀಟಿಗೆ ಸುರೀತೀರ ಅಂತಾಳೆ ನನ್ನ ಹೆಂಡ್ತಿ."

ಗಿರಿಜಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಥೂ, ಏನು ನಾತ! ಪಾಪ, ನಿಮ್ಮನ್ನ ಸುಮ್ನೆ ಅನುಮಾನಿಸಿದೆ" ಎಂದು ಕಾಫಿ ತಂದುಕೊಟ್ಟಳು. ಆ ದರಿದ್ರ ಬೈಕಿನಿಂದ ಅವನಿಗೆ ಮೊದಲ ಸಲ ಒಂದು ಒಳ್ಳೆಯದಾಗಿತ್ತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ತಿಪ್ಪೇಶನ ತಾಯಿ ಏದುಸಿರು ಬಿಡುತ್ತಾ ನಿಂತಿದ್ದರು.

"ಆ ಹಳೇ ಪ್ಲೇಟು ಕೊಡಪ್ಪಾ. ಅಂಗಡೀಲಿ ಯಾರದೋ ಬೈಕು ಬಂದು ನಿಂತೈತೆ. ಗಿರಾಕಿಗಳಿಗೆ ತೋರಿಸೋಕೆ ನಮ್ಮ ತಾವ ಇರೋದು ಅದೊಂದೇ."