ಮಾಳಿಗೆ ಕೋಣೆಯ ಕೋಳಿ-ಬಟಾಟಿ

ಮೆಟ್ಟಿಲ ಬಳಿ ಮತ್ತೆ ಅದೇ ವಾಸನೆ. ನೀಲಕಂಠಪ್ಪ ಮೂಗಿಗೆ ಟವೆಲ್ ಹಿಡಿದು ನಿಂತರು. ಕೋಳಿ. ಅನುಮಾನವೇ ಇಲ್ಲ. ಅದೂ ‘ಸಸ್ಯಾಹಾರಿಗಳಿಗೆ ಮಾತ್ರ ಕೋಣೆ’ ಎಂದು ಇಡೀ ಸಪ್ತಾಪುರಕ್ಕೆ ಕಾಣುವ ಹಾಗೆ ಬೋರ್ಡು ಬರೆಸಿದ ಮನೆಯಲ್ಲಿ.

ಮಾಳಿಗೆಯಲ್ಲಿ ಬಾಡಿಗೆಗಿದ್ದವನು ಒಬ್ಬನೇ, ಅಮ್ಮಿನಬಾವಿಯ ಕಲ್ಲೇಶ. ಪೊಲೀಸ್ ನೇಮಕಾತಿಗೆ ಓದುತ್ತಿದ್ದ. ಪರೀಕ್ಷೆ ಮುಂದಿನ ತಿಂಗಳು. ಈಗ ಕೋಣೆ ಹೋದರೆ ಇನ್ನೊಂದು ಸಿಗುವುದು ಕಷ್ಟ. ಅದು ನೀಲಕಂಠಪ್ಪನವರಿಗೂ ಗೊತ್ತಿತ್ತು. ಆದರೆ ಮನೆತನದ ಮರ್ಯಾದೆ ಯಾರ ಪರೀಕ್ಷೆಗೂ ಕಾಯುವುದಿಲ್ಲವಲ್ಲ.

ಸಾಕ್ಷಿ ಬೇಕಿತ್ತು. ಹಣೆಯ ವಿಭೂತಿ ಒರೆಸಿಕೊಂಡು ತಿರುವಿನಲ್ಲಿದ್ದ ನಜ್ಮಾಳ ಖಾನಾವಳಿಗೆ ಹೋದರು.

“ಕಲ್ಲೇಶ ದಿನಾ ಏನ್ ಒಯ್ತಾನ?”

“ಕೋಳಿ-ಬಟಾಟಿ ಪಾರ್ಸಲ್ರಿ. ಎಲುಬು ತಗದು, ಬಟಾಟಿ ಹಿಚುಕಿ, ಖಾರ ಕಡಿಮಿ ಹಾಕಿ ಕೊಡ್ತೇನಿ.”

ಖಾರ ತಡೆಯದವನು ಪೊಲೀಸ್ ಆಗುತ್ತಾನಂತೆ.

“ರೇಟು?”

“ನೂರಾ ಅರವತ್ತ. ಎಲುಬು ತಗದಿದ್ದಕ್ಕ ಇಪ್ಪತ್ತು ಜಾಸ್ತಿರಿ.”

“ಅಷ್ಟ್ ಕೊಟ್ಟು ತಿನ್ನೂವಂಥಾದ್ದು ಏನೈತಿ ಅದರಾಗ?”

“ಕೋಳ್ಯಾಗ ಪ್ರೊಟೀನ್ ಐತ್ರಿ. ಬಟಾಟಿ ಹೊಟ್ಟಿ ತುಂಬತೈತಿ. ತಿಂಗಳ ತನಾ ತಿಂದ್ರ ಬಿದ್ದವ್ರೂ ಎದ್ದು ಓಡಾಡ್ತಾರ.”

ನೀಲಕಂಠಪ್ಪ ದಾರಿಯುದ್ದಕ್ಕೂ ಗೊಣಗಿದರು. ಬಾಡಿಗೆಗೇ ತಡಬಡಿಸುವವನಿಗೆ ದಿನಾ ನೂರಾ ಅರವತ್ತು ಎಲ್ಲಿಂದ ಬರುತ್ತದೆ? ಇಷ್ಟು ತಿಂದೂ ಹುಡುಗ ಜೋಳದ ದಂಟಿನ ಹಾಗೇ ಇದ್ದಾನೆ. ಹೊಲಸು ಊಟ ಮೈಗೆ ಹತ್ತುವುದಿಲ್ಲ, ಅಷ್ಟೇ. ತಮ್ಮ ಅವ್ವನನ್ನೇ ನೋಡಬಾರದೇ? ಬೇಸಿಗೆಯಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದ ಸಂಗವ್ವ, ಮಗ ಕೊಟ್ಟ ಹೆಸರುಕಾಳಿನ ಕಟ್ಟು ಕುಡಿದೇ ಈಗ ಕೋಲೂರಿ ಅಂಗಳ ಸುತ್ತುತ್ತಾಳೆ. ಮುಖಕ್ಕೆ ಕಳೆ ಬಂದಿದೆ. ಶುದ್ಧ ಆಹಾರದ ಮಹಿಮೆ ಎಂದು ಅವರು ಓಣಿಯವರಿಗೆಲ್ಲ ಹೇಳಿದ್ದರು.

ಮನೆಗೆ ಬಂದವರೇ ಕಲ್ಲೇಶನನ್ನು ಕೆಳಗೆ ಕರೆದರು.

“ಕೋಳಿ ತಂದದ್ದು ಖರೇ ಏನ?”

“ಖರೇರಿ ಕಾಕಾರ.”

“ಯಾಕ ತಂದಿ?”

ಕಲ್ಲೇಶ ಒಳಗಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. “ತಪ್ಪಾತ್ರಿ. ಸಂಜಿಕ ಖಾಲಿ ಮಾಡ್ತೇನಿ.”

ಮೆಟ್ಟಿಲ ಪಕ್ಕದ ಕೋಣೆಯಿಂದ ಸಂಗವ್ವನ ದನಿ ಬಂತು. “ಹುಡುಗ ಛಲೋ ಅದಾನೋ ನೀಲಕಂಠ. ಪರೀಕ್ಷಿ ಮುಗಿಯೂ ತನ ಇರ್ಲಿ ಬಿಡು.”

ಹೆಂಗರುಳು ಎಂದುಕೊಂಡು ನೀಲಕಂಠಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಕಲ್ಲೇಶ ಟ್ರಂಕು ಹೊತ್ತು ಹೋದ. ಇವರು ಮಾಳಿಗೆ ತೊಳೆಸಿದರು, ಊದಿನಕಡ್ಡಿ ಹಚ್ಚಿದರು, ನೆಮ್ಮದಿಯಿಂದ ಮಲಗಿದರು.

ಮರುದಿನ ಮಧ್ಯಾಹ್ನ ಮತ್ತೆ ವಾಸನೆ. ನೀಲಕಂಠಪ್ಪ ಮಾಳಿಗೆಗೆ ಓಡಿದರು. ಖಾಲಿ. ಮೂಗು ಹೇಳಿದ ಹಾಗೆ ಒಂದೊಂದೇ ಮೆಟ್ಟಿಲು ಇಳಿದು, ಪಕ್ಕದ ಕೋಣೆಯ ಬಾಗಿಲು ತಳ್ಳಿದರು. ಮಂಚದ ಮೇಲೆ ಸಂಗವ್ವ ಕೂತಿದ್ದಳು. ಒಂದು ಬದಿಗೆ ಪಿಂಚಣಿಯ ಚೀಲ, ಇನ್ನೊಂದು ಬದಿಗೆ ಬಿಚ್ಚಿದ ಪಾರ್ಸಲ್. ಹಲ್ಲಿಲ್ಲದ ಬಾಯಲ್ಲಿದ್ದ ತುತ್ತನ್ನು ಅವಳು ಸಾವಕಾಶ ನುಂಗಿದಳು.

“ಆ ಹುಡುಗನ್ನ ಯಾಕ ಓಡಿಸ್ದಿ? ಈಗ ನೋಡು, ಇಂಥಾ ಬಿಸಿಲಾಗ ನಜ್ಮಾನ ಖಾನಾವಳಿ ತನ ನಾನ ನಡಕೊಂಡ ಹೋಗಿ ಬರಬೇಕಾತು.”