ಗೋಲ್ಡ್ ಮೆಂಬರ್

ಹೆಂಡತಿಯೊಡನೆ ಕಾರಿನಲ್ಲಿ ದೇಶ ಸುತ್ತಲು ಹೊರಟ ಜಯತೀರ್ಥ ಒಂದೇ ಕಂಪನಿಯ ಹೋಟೆಲುಗಳಲ್ಲಿ ತಂಗುತ್ತಿದ್ದ. ಹಾಗೆ ತಂಗಿದಷ್ಟೂ ಪಾಯಿಂಟ್ಸ್ ಸೇರಿ, ಕೊನೆಗೆ ವಿಶೇಷ ಸವಲತ್ತುಗಳ ಗೋಲ್ಡ್ ಕಾರ್ಡ್ ಸಿಗುತ್ತಿತ್ತು.

ಉದಯಪುರ ಬಂದಾಗ ಪದ್ಮಿನಿ, "ರೀ, ಇಲ್ಲೇ ಉಳಿಯೋಣ. ಸರೋವರ ನೋಡ್ಬೇಕು," ಎಂದಳು.

"ಇಲ್ಲಿ ನಮ್ಮ ಹೋಟೆಲಿಲ್ಲ. ನೀರು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ನಿನ್ನ ಬುದ್ಧೀನೇ ಇಷ್ಟು," ಎಂದು ಅವನು ಕಾರು ನಿಲ್ಲಿಸಲೇ ಇಲ್ಲ.

ಆಗ್ರಾದಲ್ಲಿ ಜ್ವರದಿಂದ ಮಲಗಿದ್ದವಳನ್ನೂ ಬಿಡಲಿಲ್ಲ. "ಏಳು ಏಳು, ಇದೇ ಕಂಪನಿಯ ಇನ್ನೊಂದು ಹೋಟೆಲಿಗೆ ಹೋದ್ರೆ ಪಾಯಿಂಟ್ಸ್ ಜಾಸ್ತಿ."

ದೆಹಲಿಯಲ್ಲಿ ಕೊನೆಗೂ ಕಾರ್ಡ್ ಕೈಗೆ ಬಂತು. ರಿಸೆಪ್ಷನಿನ ಹುಡುಗಿ ನಗುತ್ತಾ, "ಸರ್, ಇನ್ನು ಹೊರಡೋ ದಿನ ನೀವು ಸಂಜೆವರೆಗೂ ರೂಮಲ್ಲಿ ಇರಬಹುದು," ಎಂದಳು.

"ಕೇಳಿಸ್ತಾ? ಇದಕ್ಕೇ ನಾನು ಒದ್ದಾಡಿದ್ದು!" ಎಂದು ಅವನು ಬೀಗಿದ.

ಪದ್ಮಿನಿ ಹುಡುಗಿಯತ್ತ ತಿರುಗಿದಳು. "ಇವರು ಸಂಜೆವರೆಗೂ ಇರ್ಲಿ. ನನಗೆ ಬೆಳಿಗ್ಗೆ ಏರ್‌ಪೋರ್ಟಿಗೆ ಒಂದು ಟ್ಯಾಕ್ಸಿ ಹೇಳ್ಬಿಡಮ್ಮ."