ಗಾಜಿನ ಕೋಣೆಯ ಕಾಫಿ

"ಸಾಕಮ್ಮ, ಮ್ಯಾನೇಜರ್ ಕರೀತಾವ್ರೆ."

ಗಾರ್ಮೆಂಟ್ಸಿನ ಹೊಲಿಗೆ ಸಾಲಿನಲ್ಲಿ ಸಾಕಮ್ಮನ ಕಾಲು ಪೆಡಲಿನ ಮೇಲೆಯೇ ಮರಗಟ್ಟಿತು. ಗಂಡಸರಷ್ಟೇ ಸಂಬಳ ಹೆಂಗಸರಿಗೂ ಕೊಡಿ ಎಂದು ಹೆಸರಿಲ್ಲದ ಕಾಗದವೊಂದು ನಿನ್ನೆ ದೂರಿನ ಪೆಟ್ಟಿಗೆಗೆ ಬಿದ್ದಿತ್ತು. ಬರೆದವಳು ಪಕ್ಕದ ಮಿಷನ್ನಿನ ಚೆಲುವಿ. ಹೋದ ತಿಂಗಳು ಹೀಗೇ ಕರೆ ಬಂದು ಹೋದವಳೊಬ್ಬಳು ಮತ್ತೆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ.

"ನನ್ ಹೆಸ್ರು ಹೇಳಿಬಿಟ್ಟೀಯ ಕಣೇ," ಚೆಲುವಿ ಪಿಸುಗುಟ್ಟಿದಳು.

"ಪ್ರಾಣ ಹೋದ್ರೂ ಹೇಳಕ್ಕಿಲ್ಲ."

ಇಡೀ ಸಾಲಿಗೆ ಕಾಣುವ ಗಾಜಿನ ಕೋಣೆಯಲ್ಲಿ ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ ಸಾಕಮ್ಮ."

ಹನ್ನೊಂದು ವರ್ಷದಲ್ಲಿ ಹೊಲಿಗೆಯವರು ಯಾರೂ ಆ ಕುರ್ಚಿಯಲ್ಲಿ ಕೂತದ್ದನ್ನು ಅವಳು ಕಂಡಿರಲಿಲ್ಲ. ಅಂಚಿನಲ್ಲಿ ಕೂತಳು. ಕಾಫಿ ಬಂತು. ಕಾಗದದ ಮಾತು ಈಗ ಬಂತು, ಇನ್ನೇನು ಬಂತು ಎಂದು ಉಸಿರು ಬಿಗಿಹಿಡಿದಳು. ಅವರು ಮಗಳ ಓದು ಕೇಳಿದರು, ಅತ್ತೆಯ ಮಂಡಿನೋವು ಕೇಳಿದರು, ತಾವೇ ಜೋರಾಗಿ ನಕ್ಕರು. ಅರ್ಧ ಗಂಟೆಯಾದ ಮೇಲೆ ಬಾಗಿಲವರೆಗೂ ಬಂದು, ಇಡೀ ಸಾಲಿಗೆ ಕೇಳುವಂತೆ ಹೇಳಿದರು: "ದೊಡ್ಡ ಉಪಕಾರ ಆಯ್ತು, ಸಾಕಮ್ಮ."

ಕಾಗದದ ಸುದ್ದಿಯೇ ಇಲ್ಲ! ಹೋದ ಜೀವ ಬಂದಂತಾಗಿ ಸಾಕಮ್ಮ ತನ್ನ ಜಾಗಕ್ಕೆ ಓಡಿಬಂದಳು.

"ಚೆಲುವಿ, ಏನೂ ಕೇಳ್ಲೇ ಇಲ್ಲ ಕಣೇ!"

ಚೆಲುವಿ ಮಿಷನ್ ನಿಲ್ಲಿಸಿ ಎದ್ದಳು. ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಕ್ಕೆ ತಳ್ಳಿದಳು.

"ಕೂತ್ಕೊಳ್ಳಿ ಮೇಡಂ," ಎಂದಳು.